ಅಪ್ಪಯ್ಯನಿಗೆ ಕಿವಿ ಮಂದವಾಗಿದೆ, ಮನೆಯಲ್ಲಿ ಮಾತೇ ಕಡಿಮೆಯಾಗಿದೆ. ಹೇಗೆ ಮಾತಾಡೋದು?

ಜಗಲಿಕಟ್ಟೆ (ಶಿರಸಿ, ಈಗ ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಮ್ಮ ಅಪ್ಪಯ್ಯನಿಗೆ 74 ವರ್ಷ. ಶಿರಸಿ ಹತ್ತಿರ ಅಡಿಕೆ ತೋಟ ಇದೆ. ಅವರು ಮಾತಿನ ಮನುಷ್ಯ. ಸುತ್ತಮುತ್ತ ಎಲ್ಲಿ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಆದರೂ ಹೋಗಿ ಮುಂದೆ ಕೂರುತ್ತಿದ್ದರು. ಮರುದಿನ ಬೆಳಿಗ್ಗೆ ಕವಳ (ಎಲೆ ಅಡಿಕೆ) ಹಾಕಿಕೊಂಡು ಜಗಲಿಯಲ್ಲಿ ಕೂತು, ಯಾರು ಯಾವ ಪಾತ್ರಕ್ಕೆ ಏನು ಅರ್ಥ ಹೇಳಿದರು ಅಂತ ನಮಗೆಲ್ಲ ಹೇಳುತ್ತಿದ್ದರು. ಮೂರ್ನಾಲ್ಕು ವರ್ಷದಿಂದ ಹೋಗುವುದನ್ನೇ ಬಿಟ್ಟಿದ್ದಾರೆ. ಕೇಳಿದರೆ "ನಿದ್ದೆಗೆಡಲು ಈಗ ಆಗುವುದಿಲ್ಲ" ಅನ್ನುತ್ತಾರೆ. ಇರಬಹುದು ಅಂದುಕೊಂಡಿದ್ದೆ.

ಕಳೆದ ತಿಂಗಳು ಅಡಿಕೆ ಸುಲಿಯುವ ಸಮಯಕ್ಕೆ ಊರಿಗೆ ಹೋಗಿದ್ದೆ. ರಾತ್ರಿ ಎಂಟ್ಹತ್ತು ಜನ ಸುಲಿಯಲು ಕೂತಿದ್ದರು. ಹರಟೆ, ನಗು ಎಲ್ಲ ನಡೆದಿತ್ತು. ಅಪ್ಪಯ್ಯ ಮೆಟ್ಟುಗತ್ತಿ ಮುಂದೆ ತಲೆ ತಗ್ಗಿಸಿ ಕೂತಿದ್ದರು. ಎಲ್ಲರೂ ನಕ್ಕಾಗ ಅವರೂ ನಕ್ಕರು, ಆದರೆ ಸ್ವಲ್ಪ ತಡವಾಗಿ, ನಮ್ಮ ಮುಖ ನೋಡಿಕೊಂಡು. ಆಮೇಲೆ ನನ್ನ ಕಡೆ ತಿರುಗಿ "ಅವನು ಏನು ಹೇಳಿದ?" ಅಂದರು. ಎರಡು ಸಲ ಹೇಳಿದೆ. ತಿಳಿಯಲಿಲ್ಲ. ಮೂರನೇ ಸಲ ಕೇಳಿದಾಗ "ಏನಿಲ್ಲ ಬಿಡು ಅಪ್ಪಯ್ಯ" ಅಂದೆ.

ಅವರು ತಲೆ ಆಡಿಸಿ ಮತ್ತೆ ಅಡಿಕೆ ಕೈಗೆತ್ತಿಕೊಂಡರು. ಆ ಮುಖ ಇನ್ನೂ ಕಣ್ಣ ಮುಂದೆ ಇದೆ.

ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಲ್ಲಿ ಯೋಚನೆ ಮಾಡಿದೆ. ಆ ಒಂದು ವಾರ ನಾನು ಅವರ ಹತ್ತಿರ ಆಡಿದ್ದೆಲ್ಲ "ಊಟಕ್ಕೆ ಬಾ", "ಮಾತ್ರೆ ತಗೊಂಡೆಯಾ", "ಫೋನ್ ಬಂದಿದೆ" ಇಷ್ಟೇ. ಕೂಗಿ ಹೇಳಲು ಆಗುವ ಮಾತನ್ನು ಮಾತ್ರ ಆಡಿದ್ದೇನೆ. ಕೂಗಿ ಹೇಳಲು ಆಗದ ಒಂದು ಮಾತನ್ನೂ ಆಡಿಲ್ಲ.

ಜೋರಾಗಿ ಹೇಳಿದರೆ "ಯಾಕೆ ಕಿರುಚುತ್ತೀಯ" ಅನ್ನುತ್ತಾರೆ. ಮೆಲ್ಲಗೆ ಹೇಳಿದರೆ ಕೇಳುವುದಿಲ್ಲ. ತಾಳಮದ್ದಳೆಯಲ್ಲಿ ಚೆಂಡೆ ಚೆನ್ನಾಗಿ ಕೇಳುತ್ತದಂತೆ, ಅರ್ಥ ಹೇಳುವವರ ಮಾತು ತಿಳಿಯುವುದಿಲ್ಲವಂತೆ. ಇದು ಹೇಗೆ? ಮನೆಯಲ್ಲಿ ಇಂಥವರಿದ್ದರೆ ನೀವು ಹೇಗೆ ಮಾತಾಡುತ್ತೀರಿ?

---

ಮಗ್ಗದಮನೆ (ದೊಡ್ಡಬಳ್ಳಾಪುರ)

ಓದಿ ಕಣ್ಣಲ್ಲಿ ನೀರು ಬಂತು. ನಮ್ಮಮ್ಮ 30 ವರ್ಷ ಪವರ್‌ಲೂಮ್ ಮಗ್ಗದಲ್ಲಿ ಕೆಲಸ ಮಾಡಿದವರು. ಆ ಸದ್ದಿಗೆ ಎರಡೂ ಕಿವಿ ಹೋಗಿವೆ. ಕಿವಿಗೆ ಏನಾದರೂ ಹಾಕಿಕೊಂಡು ಕೆಲಸ ಮಾಡಬೇಕು ಅಂತ ಆಗ ಯಾರೂ ಹೇಳಲಿಲ್ಲ.

ಒಂದು ವಿಷಯ ಹೇಳುತ್ತೇನೆ. ಮಗ್ಗ ಓಡುವಾಗ ಯಾರೂ ಹಿಂದಿನಿಂದ ಕೂಗಿ ಕರೆಯುವುದಿಲ್ಲ. ಕೂಗಿದರೂ ಕೇಳಲ್ಲ. ಹತ್ತಿರ ಬಂದು ಭುಜ ಮುಟ್ಟುತ್ತಾರೆ, ಮುಖ ತಿರುಗಿದ ಮೇಲೆ ಬಾಯಿ ಬಿಡಿಸಿ ಮಾತಾಡುತ್ತಾರೆ. ಅಮ್ಮನಿಗೆ ಅದೇ ಅಭ್ಯಾಸ. ನಾವೂ ಮನೆಯಲ್ಲಿ ಅದನ್ನೇ ಇಟ್ಟುಕೊಂಡಿದ್ದೇವೆ. ಅಡುಗೆ ಮನೆಯಿಂದ ಹಾಲ್‌ಗೆ ಕೂಗುವುದು ಪೂರ್ತಿ ಬಂದ್. ಮೊಮ್ಮಕ್ಕಳಿಗೂ ಗೊತ್ತು, ಮೊದಲು ಅಜ್ಜಿಯ ಕೈ ಹಿಡಿಯಬೇಕು, ಆಮೇಲೆ ಮಾತು.

ಇಷ್ಟರಿಂದಲೇ ಅಮ್ಮನ ಸಿಟ್ಟು ಎಷ್ಟೋ ಕಡಿಮೆಯಾಯಿತು. ಹಿಂದಿನಿಂದ ಕೂಗಿ, ತಿರುಗದಿದ್ದರೆ "ಕೇಳಿಸಲ್ವಾ?" ಅಂತ ನಾವೇ ರೇಗುತ್ತಿದ್ದೆವು. ಅವರ ಪಾಲಿಗೆ ಆ ದಿನದ ಮೊದಲ ಮಾತೇ ಬೈಗುಳ ಆಗಿರುತ್ತಿತ್ತು.

---

ಕಿವಿಮಾತು (ಮೈಸೂರು)

ನಾನು ಆಡಿಯಾಲಜಿಸ್ಟ್. ಕಿವಿ ಪರೀಕ್ಷೆ ಮಾಡಿ ಹಿಯರಿಂಗ್ ಏಡ್ ಹೊಂದಿಸಿ ಕೊಡುವುದು ನನ್ನ ಕೆಲಸ. ಚೆಂಡೆ ಕೇಳುತ್ತೆ, ಮಾತು ತಿಳಿಯಲ್ಲ ಅಂದರಲ್ಲ, ವಯಸ್ಸಿನಿಂದ ಕಿವಿ ಮಂದವಾದವರು ಬಹಳ ಜನ ಹೇಳುವುದು ಇದನ್ನೇ.

ವಯಸ್ಸಾದಾಗ ಎಲ್ಲ ಶಬ್ದವೂ ಒಂದೇ ಸಮ ಕಡಿಮೆಯಾಗುವುದಿಲ್ಲ. ಮೊದಲು ಹೋಗುವುದು ಕೀಚಲು, ತೆಳು ಶಬ್ದಗಳು. ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಒಂದು ಭಾಗ ಇದೆ. ಅದರಲ್ಲಿ ಸೂಕ್ಷ್ಮ ಕೂದಲುಗಳಿರುವ ಸುಮಾರು 15,000 ಜೀವಕೋಶಗಳಿವೆ. ತೆಳು ಶಬ್ದ ಹಿಡಿಯುವ ಕೋಶಗಳು ಬಾಗಿಲಲ್ಲೇ ಇರುತ್ತವೆ. ಅವು ಮೊದಲು ಸವೆಯುತ್ತವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ.

ಈಗ ಮಾತಿಗೆ ಬನ್ನಿ. ಅ, ಆ, ಉ, ಒ ಇವು ದಪ್ಪ ದನಿಗಳು, ಹಿರಿಯರಿಗೆ ಕೇಳುತ್ತವೆ. ಸ, ಶ, ಚ, ತ, ಕ, ಹ ಇವು ತೆಳು ಮತ್ತು ಮೆಲು. ಅವೇ ಕಾಣೆಯಾಗುವುದು. ಹಾಲು, ಸಾಲು, ಕಾಲು, ಪಾಲು ನಾಲ್ಕೂ ಅವರಿಗೆ "ಆಲು" ಅಂತ ಕೇಳಬಹುದು. ಯಾವುದು ಅಂತ ತಲೆಯಲ್ಲೇ ಊಹೆ ಮಾಡಬೇಕು. ಊಹೆ ಮಾಡುವಷ್ಟರಲ್ಲಿ ನಾವು ಮುಂದಿನ ವಾಕ್ಯದಲ್ಲಿ ಇರುತ್ತೇವೆ. ನಿಮ್ಮ ತಂದೆಯವರು ತಡವಾಗಿ ನಕ್ಕದ್ದು ಅದಕ್ಕೇ.

ಕಿರುಚಿದರೆ ಆ, ಒ ಮಾತ್ರ ಇನ್ನೂ ಜೋರಾಗುತ್ತವೆ. ಸ, ತ, ಕ ಇದ್ದಲ್ಲೇ ಇರುತ್ತವೆ. ಇನ್ನೊಂದು ತೊಂದರೆಯೂ ಇದೆ. ಇಂಥ ಕಿವಿಗೆ ಮೆಲು ಶಬ್ದ ಕೇಳುವುದಿಲ್ಲ, ಜೋರು ಶಬ್ದ ಮಾತ್ರ ನಮಗೆ ಎಷ್ಟು ಜೋರೋ ಅಷ್ಟೇ ಜೋರಾಗಿ ಬಡಿಯುತ್ತದೆ. ನಡುವೆ ಇರುವ ಜಾಗ ಬಹಳ ಕಿರಿದು. "ಯಾಕೆ ಕಿರುಚುತ್ತೀಯ" ಅನ್ನುವುದರಲ್ಲಿ ಅವರ ತಪ್ಪು ಏನೂ ಇಲ್ಲ. ಜೊತೆಗೆ ಕಿರುಚುವ ಮುಖ ಸಿಟ್ಟಿನ ಮುಖದ ಹಾಗೇ ಕಾಣುತ್ತದೆ, ಅಲ್ವಾ?

ನಾನು ಮನೆಯವರಿಗೆ ಹೇಳುವುದು ಇಷ್ಟು. ಮೂರ್ನಾಲ್ಕು ಅಡಿ ಹತ್ತಿರ, ಎದುರಿಗೆ ಕೂತುಕೊಳ್ಳಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಕಿಟಕಿಗೆ ಬೆನ್ನು ಹಾಕಿ ಕೂತರೆ ನಿಮ್ಮ ತುಟಿ ಅವರಿಗೆ ಕಾಣುವುದಿಲ್ಲ. ಟಿ.ವಿ., ಮಿಕ್ಸಿ ನಿಲ್ಲಿಸಿ. ಸಾಧಾರಣ ದನಿಗಿಂತ ಸ್ವಲ್ಪ ಗಟ್ಟಿಯಾಗಿ, ಸ್ವಲ್ಪ ನಿಧಾನವಾಗಿ ಮಾತಾಡಿ. ಒಂದೊಂದು ಅಕ್ಷರ ಎಳೆದು ಹೇಳಬೇಡಿ, ಅದರಿಂದ ಮಾತಿನ ಲಯವೇ ಹೋಗುತ್ತದೆ. ವಾಕ್ಯದ ನಡುವೆ ಒಂದು ಉಸಿರು ಬಿಟ್ಟರೆ ಸಾಕು.

ಬಹಳ ಮುಖ್ಯವಾದದ್ದು ಎರಡು. ಮೊದಲು ವಿಷಯ ಯಾವುದು ಅಂತ ಹೇಳಿ. "ಅಡಿಕೆ ವಿಷಯ" ಅಂದು ಒಂದು ಕ್ಷಣ ನಿಂತು, ಆಮೇಲೆ "ನಾಳೆ ಸೊಸೈಟಿಗೆ ಹೋಗೋಣ್ವಾ" ಅಂತ ಕೇಳಿ. ವಿಷಯ ಗೊತ್ತಾದರೆ ಊಹೆ ಸುಲಭ. ಎರಡನೆಯದು, ಒಂದು ಸಲ ತಿಳಿಯದಿದ್ದರೆ ಅದೇ ವಾಕ್ಯವನ್ನು ಮತ್ತೆ ಮತ್ತೆ ಹೇಳಬೇಡಿ. ಬೇರೆ ಪದ ಬಳಸಿ. ಮೊದಲ ಸಲ ಕಾಣೆಯಾದ ಅಕ್ಷರ ಎರಡನೇ ಸಲವೂ ಕಾಣೆಯಾಗುತ್ತದೆ. ನೀವು ಎರಡು ಸಲ ಹೇಳಿದ್ದು ಒಂದೇ ವಾಕ್ಯ ಇರಬೇಕು ಅಂತ ನನ್ನ ಅನಿಸಿಕೆ.

ಅಂಕಿ ಸಂಖ್ಯೆ ಇದ್ದರೆ ಬೆರಳು ತೋರಿಸಿ, ಇಲ್ಲ ಚೀಟಿಯಲ್ಲಿ ಬರೆಯಿರಿ. ಮೂರು, ನೂರು ಈ ಕಿವಿಗೆ ಒಂದೇ ಥರ ಕೇಳಬಹುದು. ಮಾತ್ರೆ ವಿಷಯದಲ್ಲಂತೂ ಬರೆಯಲೇಬೇಕು.

ಇದಕ್ಕೆಲ್ಲ ಮೊದಲು ಕಿವಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಗುಗ್ಗೆ ಕಟ್ಟಿಕೊಂಡಿದ್ದರೂ ಕೇಳುವುದು ಕಡಿಮೆಯಾಗುತ್ತದೆ. ಎಣ್ಣೆ ಬಿಡುವುದು, ಕಡ್ಡಿ ಹಾಕುವುದು ಮಾಡಬೇಡಿ. ಎಲ್ಲರಿಗೂ ಇನ್ನೊಂದು ಮಾತು: ಒಂದು ಕಿವಿ ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲಿ ಕೇಳದಂತಾದರೆ ಕಾಯಲೇಬೇಡಿ, ಅದೇ ದಿನ ಹೋಗಿ. ಬೇಗ ಔಷಧಿ ಶುರುವಾದರೆ ವಾಪಸ್ ಬರುವ ಸಾಧ್ಯತೆ ಜಾಸ್ತಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ್ದು. ಪರೀಕ್ಷೆ, ಹಿಯರಿಂಗ್ ಏಡ್ ಹೊಂದಿಸುವುದು ಎಲ್ಲ ಅಲ್ಲಿ ಆಗುತ್ತದೆ. ಆದಾಯ ಕಡಿಮೆ ಇರುವವರಿಗೆ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಉಚಿತವಾಗಿ ಅಥವಾ ರಿಯಾಯಿತಿಯಲ್ಲಿ ಮೆಷಿನ್ ಸಿಗುತ್ತದೆ. ಅದಕ್ಕೆ ಅಂಗವೈಕಲ್ಯ ಪ್ರಮಾಣಪತ್ರ ಬೇಕು.

---

ಗದ್ದೆಬಯಲು (ಮಂಡ್ಯ)

ಬೇಜಾರು ಮಾಡಿಕೊಳ್ಳಬೇಡಿ, ನನ್ನ ಅನುಭವ ಬೇರೆ. ನಮ್ಮಪ್ಪನಿಗೆ ಬೇಕಾದದ್ದು ಮಾತ್ರ ಕೇಳುತ್ತೆ. ನಾನೂ ನನ್ನ ಅಣ್ಣನೂ ದುಡ್ಡಿನ ವಿಷಯ ಮೆಲ್ಲಗೆ ಮಾತಾಡಿಕೊಂಡರೂ ಕೇಳುತ್ತೆ. ನನ್ನ ಮಗಳು ಹತ್ತು ಸಲ "ತಾತ" ಅಂದರೂ ಕೇಳಲ್ಲ. ಹಿಯರಿಂಗ್ ಏಡ್ ತರಿಸಿಕೊಟ್ಟೆ. ನಾಲ್ಕು ದಿನ ಹಾಕಿದರು. ಆಮೇಲೆ ಬೀರು ಸೇರಿತು. ಮನಸ್ಸಿಲ್ಲದವರ ಜೊತೆ ಎಷ್ಟು ಅಂತ ಗುದ್ದಾಡುವುದು?

---

ಧಾರವಾಡದಾಕಿ (ಧಾರವಾಡ)

ನನಗೆ 41. ಇಪ್ಪತ್ತೊಂಬತ್ತನೇ ವಯಸ್ಸಿನಿಂದ ಎರಡೂ ಕಿವಿಗೆ ಮೆಷಿನ್ ಹಾಕುತ್ತೇನೆ. ಇಲ್ಲಿ ಬರೆದವರೆಲ್ಲ ಹೇಳುವ ಕಡೆಯವರು. ನಾನು ಕೇಳುವ ಕಡೆಯಿಂದ ಬರೆಯುತ್ತೇನೆ.

ಒಂದು ಸಲ "ಏನು?" ಅಂದರೆ ಎದುರಿನವರು ಮತ್ತೆ ಹೇಳುತ್ತಾರೆ. ಎರಡನೇ ಸಲ "ಏನು?" ಅಂದಾಗ ಅವರ ಹುಬ್ಬು ಗಂಟಾಗುತ್ತದೆ. ಅದು ನಮಗೆ ಕಾಣುತ್ತದೆ. ಕಿವಿ ಮಂದ ಇರುವವರ ಕಣ್ಣು ಬಹಳ ಚುರುಕು. ಮೂರನೇ ಸಲ ಕೇಳುವ ಧೈರ್ಯ ಇರುವುದಿಲ್ಲ, "ಹೂಂ ಹೂಂ" ಅಂದುಬಿಡುತ್ತೇವೆ. ನಿಮ್ಮ ಅಪ್ಪಯ್ಯ ಮೂರನೇ ಸಲ ಕೇಳಿದರಲ್ಲ, ನೀವು ಮಗ ಅನ್ನುವ ನಂಬಿಕೆಯಿಂದ ಕೇಳಿದ್ದಾರೆ.

"ಏನಿಲ್ಲ ಬಿಡು" ಅನ್ನುವ ಮಾತು ನನ್ನ ಜೀವನದಲ್ಲಿ ಎಷ್ಟು ಸಲ ಕೇಳಿದ್ದೇನೋ. ಹೇಳುವವರಿಗೆ ಅದು ನಿಜವಾಗಿಯೂ ಸಣ್ಣ ವಿಷಯ. ಯಾರದೋ ಹಳೇ ಜೋಕು, ಪಕ್ಕದ ಮನೆ ಬೆಕ್ಕಿನ ಸುದ್ದಿ. ಆದರೆ ಅದು ಸಣ್ಣದೋ ದೊಡ್ಡದೋ ಅಂತ ನಾನು ಕೇಳಿ ತೀರ್ಮಾನ ಮಾಡಬೇಕಲ್ಲವಾ? ದೊಡ್ಡ ಸುದ್ದಿಯನ್ನು ಹೇಗೂ ಎಲ್ಲರೂ ಬಂದು ಹೇಳುತ್ತಾರೆ. ಬೆಕ್ಕಿನ ಸುದ್ದಿ ಸಿಗದಿದ್ದಾಗಲೇ ಮನೆಯೊಳಗೆ ಇದ್ದೂ ಹೊರಗಿನವಳು ಅನ್ನಿಸುವುದು.

ಸುಸ್ತಿನ ವಿಷಯವೂ ಹೇಳಬೇಕು. ಇಡೀ ದಿನ ಅರ್ಧ ಕೇಳಿ ಅರ್ಧ ಊಹೆ ಮಾಡಿ ಸಂಜೆ ಹೊತ್ತಿಗೆ ತಲೆ ಭಾರವಾಗಿರುತ್ತದೆ. ಏಳು ಗಂಟೆಗೆ ನಾನು ಮೆಷಿನ್ ತೆಗೆದಿಡುತ್ತೇನೆ. ಮೊದಲು ನಮ್ಮ ಅತ್ತೆಯವರು ಇದನ್ನು ಅಹಂಕಾರ ಅಂದುಕೊಂಡಿದ್ದರು. ಕೂತು ಬಿಡಿಸಿ ಹೇಳಿದೆ. ಈಗ ಮುಖ್ಯ ಮಾತು ಏನಿದ್ದರೂ ಬೆಳಿಗ್ಗೆ ಚಹಾ ಹೊತ್ತಿಗೇ ಆಡುತ್ತಾರೆ.

ನಮ್ಮ ಮನೆಯವರದು ಒಂದು ಒಳ್ಳೆಯ ರೂಢಿ. ಮದುವೆ ಮನೆಯಲ್ಲಿ ಹತ್ತು ಜನ ಒಟ್ಟಿಗೆ ಮಾತಾಡುವಾಗ ಪಕ್ಕದಲ್ಲಿ ಕೂತು ಒಂದೊಂದೇ ಪದ ಹೇಳುತ್ತಾರೆ. "ಹೊಲದ ವಿಷಯ." "ಈಗ ನಿಮ್ಮ ಅಣ್ಣನ ಮಗನ ನೌಕರಿ." ಅಷ್ಟು ಸಿಕ್ಕರೆ ಉಳಿದದ್ದನ್ನು ನಾನೇ ಹಿಡಿದುಕೊಳ್ಳುತ್ತೇನೆ. ಇಡೀ ಕಥೆ ಅನುವಾದ ಮಾಡುವ ಕಷ್ಟ ಅವರಿಗೂ ಇಲ್ಲ.

"ಕೇಳಿಸ್ತಾ?" ಅಂತ ಕೇಳಬೇಡಿ. ಅದಕ್ಕೆ ಉತ್ತರ ಯಾವಾಗಲೂ "ಹೂಂ". ಉತ್ತರ ಬೇಕಾದ ಪ್ರಶ್ನೆ ಕೇಳಿ. "ಹಂಗಾದ್ರ ಯಾವ ಬಸ್ಸಿಗೆ ಹೋಗೋಣು?" ಅಂದರೆ ತಿಳಿಯಿತೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಯಾರಿಗೂ ಅವಮಾನ ಆಗುವುದಿಲ್ಲ.

ಕೊನೆಗೆ ಒಂದು ಕೋರಿಕೆ. "ಕಿವುಡನ ಮುಂದೆ ಶಂಖ ಊದಿದ ಹಾಗೆ" ಅನ್ನುವ ಗಾದೆಯನ್ನು ಮನೆಯಲ್ಲಿ ಬಳಸಬೇಡಿ. ಬೇರೆ ಯಾರಿಗೋ ಅಂದರೂ ಅದು ನಮಗೇ ತಾಗುತ್ತದೆ. ಅದೊಂದು ಮಾತ್ರ ನಮಗೆ ಸ್ಪಷ್ಟವಾಗಿ ಕೇಳುತ್ತದೆ.

---

ಕಿವಿಮಾತು (ಮೈಸೂರು)

ಧಾರವಾಡದ ಅಕ್ಕ, ನಿಮ್ಮ ಬರಹವನ್ನು ಪ್ರಿಂಟ್ ಮಾಡಿ ನಮ್ಮ ಕ್ಲಿನಿಕ್‌ನಲ್ಲಿ ಅಂಟಿಸಬೇಕು ಅನ್ನಿಸುತ್ತಿದೆ. ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ.

ಗದ್ದೆಬಯಲು ಅವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ನೀವು ಹೇಳಿದ್ದರಲ್ಲೇ ಉತ್ತರ ಇದೆ. ನೀವೂ ನಿಮ್ಮ ಅಣ್ಣನೂ ಗಂಡಸರು, ದಪ್ಪ ದನಿ. ಮಾತಾಡಿದ್ದು ಬೇರೆ ಸದ್ದಿಲ್ಲದ ಕಡೆ ಇರಬೇಕು, ವಿಷಯವೂ ಅವರಿಗೆ ಮೊದಲೇ ಗೊತ್ತಿದ್ದದ್ದು. ಎರಡು ಪದ ಸಿಕ್ಕರೂ ಪೂರ್ತಿ ತಿಳಿಯುತ್ತದೆ. ಮಗುವಿನ ದನಿ ತೆಳು, ಮಕ್ಕಳು ಓಡುತ್ತಲೇ ಮಾತಾಡುತ್ತಾರೆ. ಮೊಮ್ಮಗಳ ದನಿಯೇ ಎಲ್ಲಕ್ಕಿಂತ ಕಷ್ಟ. ಇದನ್ನು ಅವರು ಬೇಕಂತ ಮಾಡುತ್ತಿಲ್ಲ.

ಮೆಷಿನ್ "ತರಿಸಿಕೊಟ್ಟೆ" ಅಂದಿರಿ. ಪರೀಕ್ಷೆ ಮಾಡಿಸಿ ಆ ಕಿವಿಗೆ ಹೊಂದಿಸಿದ್ದಾ, ಸುಮ್ನೆ ಆನ್‌ಲೈನಲ್ಲಿ ತರಿಸಿದ್ದಾ? ಹೊಂದಿಸದೆ ಇದ್ದರೆ ಅದು ಬೇರೆಯವರ ಕನ್ನಡಕ ಹಾಕಿಕೊಂಡ ಹಾಗೆ. ಹೊಂದಿಸಿದ್ದರೂ ಮೊದಲ ದಿನವೇ ಇಡೀ ದಿನ ಹಾಕಿಸಬೇಡಿ. ವರ್ಷಗಟ್ಟಲೆ ಕೇಳದೇ ಇದ್ದ ಶಬ್ದವೆಲ್ಲ ಒಮ್ಮೆಲೇ ಒಳಗೆ ನುಗ್ಗುತ್ತದೆ. ಫ್ಯಾನಿನ ಸದ್ದು, ನಲ್ಲಿ ನೀರು, ಪೇಪರ್ ಮಗುಚುವ ಸದ್ದು. ತಲೆಗೆ ಅದನ್ನು ಮತ್ತೆ ಕಲಿಯಲು ವಾರಗಳು ಬೇಕು. ಮನೆಯಲ್ಲಿ ಒಬ್ಬರೇ ಇದ್ದಾಗ ಒಂದೆರಡು ಗಂಟೆಯಿಂದ ಶುರು ಮಾಡಲಿ. ಎರಡು ವಾರಕ್ಕೊಮ್ಮೆ ಕರೆದುಕೊಂಡು ಹೋಗಿ ದನಿ ಸರಿ ಮಾಡಿಸಿ. ಎರಡು ಕಿವಿಗೂ ತೊಂದರೆ ಇದ್ದರೆ ಎರಡಕ್ಕೂ ಹಾಕುವುದು ಒಳ್ಳೆಯದು, ಯಾವ ಕಡೆಯಿಂದ ಮಾತು ಬಂತು ಅಂತ ತಿಳಿಯಲು ಎರಡು ಕಿವಿ ಬೇಕು.

ಸೆಲ್ ಸಹ ನೋಡಿ. ಮೆಷಿನ್ ಸೆಲ್ ಮೇಲೆ ಒಂದು ಸಣ್ಣ ಸ್ಟಿಕ್ಕರ್ ಇರುತ್ತದೆ. ಅದನ್ನು ಕಿತ್ತ ತಕ್ಷಣ ಗಾಳಿ ಒಳಗೆ ಹೋಗಿ ಸೆಲ್ ಕೆಲಸ ಶುರು ಮಾಡುತ್ತದೆ. ಮೆಷಿನ್ ಬೀರುವಿನಲ್ಲಿದ್ದರೂ ಸೆಲ್ ಖಾಲಿಯಾಗುತ್ತಲೇ ಇರುತ್ತದೆ. ಎಷ್ಟೋ ಮನೆಗಳಲ್ಲಿ "ಮೆಷಿನ್ ಕೆಟ್ಟಿದೆ" ಅಂತ ತಂದಾಗ ನಾನು ಮಾಡುವುದು ಸೆಲ್ ಬದಲಾಯಿಸುವುದು ಮಾತ್ರ.

---

ಗದ್ದೆಬಯಲು (ಮಂಡ್ಯ)

ಆನ್‌ಲೈನಲ್ಲೇ ತರಿಸಿದ್ದು. ಪರೀಕ್ಷೆ ಮಾಡಿಸಿಲ್ಲ. ಮಗಳ ದನಿ ವಿಷಯ ನನಗೆ ಹೊಳೆದೇ ಇರಲಿಲ್ಲ. ಅವಳು ಬಂದಾಗೆಲ್ಲ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು. ಮೊಮ್ಮಗಳ ಮೇಲೆ ಪ್ರೀತಿ ಇಲ್ಲ ಅಂತ ನನ್ನ ಹೆಂಡತಿಗೆ ಎಷ್ಟು ನೋವಾಗಿತ್ತು. ಮೈಸೂರು ನಮಗೆ ಹತ್ತಿರವೇ. ಕರೆದುಕೊಂಡು ಹೋಗುತ್ತೇನೆ.

---

ಕಡಲತಡಿ (ಕುಂದಾಪುರ, ಈಗ ಮಸ್ಕತ್)

ನಾವು ದೂರ ಇರುವವರು. ಅತ್ತೆಗೆ ಫೋನಿನಲ್ಲಿ ಏನೂ ತಿಳಿಯುವುದಿಲ್ಲ, ತುಟಿ ಕಾಣುವುದಿಲ್ಲವಲ್ಲ. ವಿಡಿಯೋ ಕಾಲ್ ಮಾತ್ರ ಮಾಡುತ್ತೇವೆ. ಮೊದಲು ಎಲ್ಲರೂ ಒಟ್ಟಿಗೆ ಮೊಬೈಲ್ ಮುಂದೆ ಮುಖ ತೂರಿಸುತ್ತಿದ್ದೆವು. ಈಗ ಒಬ್ಬೊಬ್ಬರೇ, ದೀಪದ ಎದುರು ಕೂತು. ಇವತ್ತು ಏನು ಮಾತಾಡುತ್ತೇವೆ ಅಂತ ಮೊದಲೇ ವಾಟ್ಸಾಪಲ್ಲಿ ಎರಡು ಸಾಲು ಕನ್ನಡದಲ್ಲಿ ಕಳಿಸುತ್ತೇನೆ. ಅವರು ದಿನಾ ಪೇಪರ್ ಓದುವವರು, ಓದಿಕೊಂಡು ತಯಾರಾಗಿ ಕೂತಿರುತ್ತಾರೆ.

ಊರಿಗೆ ಹೋದಾಗ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಬಳಸುತ್ತೇವೆ. ನಾವು ಮಾತಾಡಿದ್ದು ಕನ್ನಡ ಅಕ್ಷರದಲ್ಲಿ ಪರದೆ ಮೇಲೆ ಬರುತ್ತದೆ. ನಮ್ಮ ಕುಂದಾಪುರ ಕನ್ನಡ ಅದಕ್ಕೆ ಸರಿಯಾಗಿ ಹಿಡಿಸುವುದಿಲ್ಲ, ತಪ್ಪು ಬರೆಯುತ್ತದೆ. ಆದರೂ ವಿಷಯ ಏನು ಅಂತ ಗೊತ್ತಾಗುತ್ತದೆ. ಅಕ್ಷರ ದೊಡ್ಡದು ಮಾಡಿ ಇಡಿ.

---

ಸೊಪ್ಪಿನಬುಟ್ಟಿ (ತುಮಕೂರು)

ನಮ್ಮಜ್ಜಿಗೆ ಓದಲು ಬರುವುದಿಲ್ಲ. ಅವರಿಗೆ ಮೊಬೈಲ್, ಚೀಟಿ ಯಾವುದೂ ಆಗಲ್ಲ. ನಾವು ಕಂಡುಕೊಂಡದ್ದು, ಎದುರುಬದುರು ಕೂತು ಮಾಡುವ ಕೆಲಸ. ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು. ಮಧ್ಯೆ ಮೊರ ಇರುತ್ತೆ, ಇಬ್ಬರ ಮುಖವೂ ಹತ್ತಿರ ಇರುತ್ತೆ, ಅವಸರ ಇರಲ್ಲ. ಮಾತು ತಿಳಿಯದೆ ಹೋದರೂ ಕೈ ಕೆಲಸ ನಡೆಯುತ್ತಿರುತ್ತೆ, ಮೌನ ಭಾರ ಅನ್ನಿಸಲ್ಲ. ಅಜ್ಜಿ ತಾವಾಗಿಯೇ ಹಳೇ ಕಥೆ ಶುರು ಮಾಡುತ್ತಾರೆ. ಆಗ ನಾವು ಕೇಳುವವರು. ಕಿವಿ ಮಂದ ಆದವರಿಗೆ ಹೇಳುವ ಆಸೆ ಎಷ್ಟಿರುತ್ತೆ ಅಂತ ನಮಗೆ ಆಮೇಲೆ ಗೊತ್ತಾಯಿತು.

---

ಜಗಲಿಕಟ್ಟೆ (ಶಿರಸಿ, ಈಗ ಬೆಂಗಳೂರು)

ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಉತ್ತರ ಕೊಟ್ಟ ಎಲ್ಲರಿಗೂ ಕೈ ಮುಗಿಯುತ್ತೇನೆ. ಪ್ರತಿಯೊಂದನ್ನೂ ಎರಡೆರಡು ಸಲ ಓದಿದ್ದೇನೆ.

ರಜೆ ಹಾಕಿ ಊರಿಗೆ ಹೋದೆ. ಡಾಕ್ಟರ್ ಹತ್ತಿರ ಹೋಗಲು ಮೊದಲು ಒಪ್ಪಲಿಲ್ಲ. "ನಿನ್ನ ಮಾತು ನನಗೂ ಬೇಕು ಅಪ್ಪಯ್ಯ, ಅದಕ್ಕೇ ಹೋಗೋಣ" ಅಂದೆ. ಸುಮ್ಮನೆ ಎದ್ದು ಪಂಚೆ ಬದಲಾಯಿಸಿ ಬಂದರು. ಎಡಗಿವಿಯಲ್ಲಿ ಗುಗ್ಗೆ ಇತ್ತು, ತೆಗೆದರು. ಪರೀಕ್ಷೆಯಲ್ಲಿ ಎರಡೂ ಕಿವಿಯಲ್ಲಿ ಮಧ್ಯಮ ಮಟ್ಟದ ತೊಂದರೆ ಅಂತ ಬಂತು. ಪರೀಕ್ಷೆಯ ಗ್ರಾಫ್‌ನಲ್ಲಿ ತೆಳು ಶಬ್ದದ ಕಡೆ ಗೆರೆ ಪೂರ್ತಿ ಕೆಳಗೆ ಇಳಿದಿತ್ತು. ಈಗ ಎರಡು ಕಿವಿಗೂ ಮೆಷಿನ್ ಹಾಕಿ ನೋಡುತ್ತಿದ್ದಾರೆ. ದಿನಕ್ಕೆ ಮೂರು ಗಂಟೆ. ಮೊದಲ ದಿನ ಮನೆಗೆ ಬಂದವರೇ ಅಮ್ಮನ ಬಳೆ ಸದ್ದು ಕೇಳಿ ತಿರುಗಿ ನೋಡಿದರು.

ಆದರೆ ನಾನು ಹೇಳಬೇಕು ಅಂದುಕೊಂಡದ್ದು ಮೆಷಿನ್ ಬರುವ ಮುಂಚಿನದು. ಹೋದ ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಅವರ ಎದುರು ಕೂತೆ, ಬೆಳಕು ನನ್ನ ಮುಖಕ್ಕೆ ಬೀಳುವ ಹಾಗೆ. ಕವಳದ ಬಟ್ಟಲು ಮಧ್ಯೆ ಇಟ್ಟೆ. ಏನು ಮಾತಾಡುವುದು ಅಂತ ನಾನು ಯೋಚಿಸುತ್ತಿದ್ದಾಗ ಅವರೇ ಕೇಳಿದರು. "ಆವತ್ತು ಅಡಿಕೆ ಸುಲಿಯುವಾಗ ಎಲ್ಲ ನಕ್ಕಿದ್ದು ಯಾಕೆ?"

ಇಷ್ಟು ದಿನ ಅದನ್ನು ನೆನಪಿಟ್ಟುಕೊಂಡಿದ್ದರು.

"ಅಡಿಕೆ ಕೊಯ್ಯುವವನ ಕಥೆ" ಅಂತ ಮೊದಲು ವಿಷಯ ಹೇಳಿದೆ. ಆಮೇಲೆ ನಿಧಾನಕ್ಕೆ ಪೂರ್ತಿ ಹೇಳಿದೆ. ಒಂದು ಕಡೆ ತಿಳಿಯಲಿಲ್ಲ, ಬೇರೆ ಪದದಲ್ಲಿ ಹೇಳಿದೆ. ಸರಿಯಾದ ಜಾಗದಲ್ಲೇ ನಕ್ಕರು, ತಡವಾಗಲಿಲ್ಲ. ನಕ್ಕು "ಅದು ಅವನ ಕಥೆ ಅಲ್ಲ, ಅವನ ಅಜ್ಜ ಹೇಳುತ್ತಿದ್ದದ್ದು" ಅಂತ ಆ ಅಜ್ಜನ ಇನ್ನೂ ಎರಡು ಕಥೆ ಹೇಳಿದರು. ಅಮ್ಮ ದೋಸೆಗೆ ಕರೆದರೂ ನಾವು ಏಳಲಿಲ್ಲ.

ತಾಳಮದ್ದಳೆಗೆ ಹೋಗುವುದು ಬಿಟ್ಟದ್ದು ಯಾಕೆ ಅಂತಲೂ ಆವತ್ತೇ ಹೇಳಿದರು. "ಪಕ್ಕದವರನ್ನು ಎಷ್ಟು ಸಲ ಏನಂದ ಅಂತ ಕೇಳುವುದು? ಅವರೂ ಕೇಳಲು ಬಂದವರಲ್ಲವಾ?"

ಕಿವಿಮಾತು ಅವರೇ, ಬರುವ ಶನಿವಾರ ನಮ್ಮ ಊರ ದೇವಸ್ಥಾನದಲ್ಲಿ ತಾಳಮದ್ದಳೆ ಇದೆ. ಕೃಷ್ಣ ಬಂದು ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಪ್ರಸಂಗ. ಮೆಷಿನ್ ಹಾಕಿಕೊಂಡು ಹೋಗಬಹುದಾ? ಎಲ್ಲಿ ಕೂರಿಸಲಿ?

---

ಕಿವಿಮಾತು (ಮೈಸೂರು)

ಖಂಡಿತ ಕರೆದುಕೊಂಡು ಹೋಗಿ. ಮುಂದೆ ಕೂರಲಿ, ಆದರೆ ಚೆಂಡೆ ಮತ್ತು ಸ್ಪೀಕರ್ ಪೆಟ್ಟಿಗೆಯಿಂದ ದೂರ. ಅರ್ಥ ಹೇಳುವವರ ಮುಖ ಕಾಣುವ ಜಾಗ ಮುಖ್ಯ. ಇಬ್ಬರ ಮುಖವೂ ಒಟ್ಟಿಗೆ ಕಾಣುವ ಜಾಗ ಸಿಗದಿದ್ದರೆ ಕರ್ಣನ ಮುಖ ಕಾಣುವ ಕಡೆ ಕೂರಿಸಿ, ಕೃಷ್ಣನ ಮಾತು ಅವರಿಗೆ ಹೇಗೂ ಗೊತ್ತಿರುತ್ತದೆ. ಚೆಂಡೆ ಜೋರಾದಾಗ ದನಿ ತಗ್ಗಿಸುವ ಗುಂಡಿ ಮೆಷಿನ್‌ನಲ್ಲಿ ಎಲ್ಲಿದೆ ಅಂತ ಮನೆಯಲ್ಲೇ ಒಮ್ಮೆ ಅಭ್ಯಾಸ ಮಾಡಿಸಿ. ಹೊಸ ಸೆಲ್ ಜೇಬಲ್ಲಿರಲಿ. ಸುಸ್ತಾಗಿದೆ ಅಂದರೆ ಅರ್ಧಕ್ಕೇ ಎದ್ದು ಬನ್ನಿ.

---

ಜಗಲಿಕಟ್ಟೆ (ಶಿರಸಿ, ಈಗ ಬೆಂಗಳೂರು)

ಸರಿ. ಶುಕ್ರವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದೆ. ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಅವರು ಏನು ಹೇಳುತ್ತಾರೋ ಕೇಳಿಕೊಂಡು ಬಂದು ಬರೆಯುತ್ತೇನೆ.